ಮಾಟಗಾತಿ ಅಂದವರ ಮೇಲೇ ಕೇಸು

ಕೇಳುಗರೆ, ನಮಸ್ಕಾರ. ಮಾಟಗಾತಿಯರ ವಿಚಾರಣೆ ಅಂದ ತಕ್ಷಣ ಎಲ್ಲರೂ ಸೇಲಂ ಹೆಸರು ಹೇಳುತ್ತಾರೆ. ಅಮೆರಿಕದ ಸೇಲಂ, ತಮಿಳುನಾಡಿನದಲ್ಲ. ಅಲ್ಲಿ ಹೆಂಗಸರನ್ನು ಸುಟ್ಟರು ಅಂತಲೂ ಸೇರಿಸುತ್ತಾರೆ. ಸುಡಲಿಲ್ಲ ಸ್ವಾಮಿ, 1692ರಲ್ಲಿ 19 ಜನರನ್ನು ನೇಣಿಗೆ ಹಾಕಿದರು, ಅವರಲ್ಲಿ ಗಂಡಸರೂ ಇದ್ದರು. ಇರಲಿ. ನಾನು ಹೇಳಲು ಬಂದಿರುವುದು ದೂರು ಕೊಟ್ಟವರ ಬಗ್ಗೆ. ಸುಳ್ಳು ದೂರಿಗೆ ಜೇಬಿನಿಂದ ದುಡ್ಡು ಹೋಗುತ್ತದೆ ಅಂತ ಗೊತ್ತಾದ ಕಡೆ ನಾಲಗೆಗಳು ಹಿಡಿತಕ್ಕೆ ಬಂದವು. ಇಷ್ಟೇ ನನ್ನ ಮಾತು.

ಸೇಲಂ ಇದ್ದದ್ದು ಅಮೆರಿಕದಲ್ಲಿ ಇಂಗ್ಲಿಷರ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ. ಅದೇ ವಸಾಹತಿನ ಇನ್ನೊಂದು ಊರು ನಾರ್ತಾಂಪ್ಟನ್. ವರ್ಷ 1656, ಊರು ಕಟ್ಟಿ ಎರಡು ವರ್ಷ ಆಗಿತ್ತಷ್ಟೆ. ಜೋಸೆಫ್ ಪಾರ್ಸನ್ಸ್ ಅನುಕೂಲಸ್ಥ ವ್ಯಾಪಾರಿ, ಹೆಂಡತಿ ಮೇರಿ. ಪರಿಚಯದ ಸಾರಾ ಬ್ರಿಜ್ಮನ್‌ಳ ಹಸುಗೂಸು ತೀರಿಕೊಂಡಿತು. ಇದು ಮೇರಿಯ ಮಾಟ ಅಂತ ಸಾರಾ ಊರಲ್ಲಿ ಹೇಳಿಕೊಂಡು ಬಂದಳು. ಆಮೇಲೆ ಕೇಳಬೇಕೇ, ಎಲ್ಲರ ಹಳೇ ಲೆಕ್ಕಗಳೂ ಹೊರಗೆ ಬಂದವು. ಒಬ್ಬರು ಮೇರಿಗೆ ನೂತುಕೊಟ್ಟ ನೂಲು ತೂಕದಲ್ಲಿ ಕಡಿಮೆ ಬಂದಿತ್ತಂತೆ, ಅದೂ ಮಾಟ. ಆ ಮನೆಯವರದೇ ಎತ್ತು ಹಾವು ಕಚ್ಚಿ ಸತ್ತಿತ್ತು, ಕಚ್ಚಿದ್ದು ಹಾವು ಅಂತ ಅವರೇ ಹೇಳುತ್ತಾರೆ, ಆದರೂ ಅದಕ್ಕೆ ಮುಂಚೆ ಮೇರಿ ಜೊತೆ ಜಗಳ ಆಗಿತ್ತಲ್ಲ, ಹಾಗಾಗಿ ಅದೂ ಅವಳ ತಲೆಗೆ!

ಜೋಸೆಫ್ ಸುಮ್ನೆ ಕೂರಲಿಲ್ಲ. ಹೆಂಡತಿಯನ್ನು ಬಿಡಿ ಅಂತ ಗೋಗರೆಯಲೂ ಇಲ್ಲ. ನೇರವಾಗಿ ಸಾರಾ ಮೇಲೆ ಮಾನನಷ್ಟದ ದಾವೆ ಹೂಡಿದ. ಈಗ ಸಾಬೀತು ಮಾಡುವ ಕಷ್ಟ ಯಾರದ್ದು? ಸಾರಾಳದ್ದು. ಆಕೆ ಕರೆತಂದ ಸಾಕ್ಷಿಗಳೆಲ್ಲ ನೂಲು, ಎತ್ತು ಅಂತ ಹೇಳಿ ಹೋದರು, ಕೋರ್ಟು ಒಪ್ಪಲಿಲ್ಲ. ನಾರ್ತಾಂಪ್ಟನ್‌ನಲ್ಲೂ ಸ್ಪ್ರಿಂಗ್‌ಫೀಲ್ಡ್‌ನಲ್ಲೂ ಜನರ ಎದುರು ತಪ್ಪೊಪ್ಪಿಕೊಳ್ಳಬೇಕು, ಇಲ್ಲದಿದ್ದರೆ 10 ಪೌಂಡ್ ದಂಡ ಅಂತ ತೀರ್ಪು ಬಂತು. ಮೇರಿಯ ಮೇಲೆ 1674ರಲ್ಲಿ ಮತ್ತೆ ಆರೋಪ ಬಂತು, ಬಾಸ್ಟನ್ನಿನಲ್ಲಿ ಬಿಡುಗಡೆಯೂ ಆಯಿತು, ಆ ಕಥೆ ಶುರು ಮಾಡಿದರೆ ನನಗೆ ಕೊಟ್ಟ ಹೊತ್ತು ಸಾಲದು.

ಸೇಲಂಗೆ ಬೇಗ ಬರುತ್ತೇನೆ. ಸುಳ್ಳು ಸಾಕ್ಷಿ ಹೇಳಿ ಬೇಕಂತಲೇ ಒಬ್ಬರ ಜೀವ ತೆಗೆಯಲು ಹೊರಟವರಿಗೆ ಮರಣದಂಡನೆ ಅಂತ ಆ ವಸಾಹತಿನಲ್ಲಿ 1641ರಲ್ಲೇ ಬರೆದಿಟ್ಟಿದ್ದರು. ಆದರೆ ಸೇಲಂನಲ್ಲಿ ದೂರು ಕೊಟ್ಟ ಒಬ್ಬರಿಗೂ ಶಿಕ್ಷೆ ಆಗಲಿಲ್ಲ. ದೂರು ಕೊಟ್ಟವರಲ್ಲಿ ಒಬ್ಬಳಾದ ಆ್ಯನ್ ಪಟ್ನಮ್ ಅನ್ನುವ ಹುಡುಗಿ ದೊಡ್ಡವಳಾದ ಮೇಲೆ, 1706ರಲ್ಲಿ, ಚರ್ಚಿನಲ್ಲಿ ಕ್ಷಮೆ ಕೇಳಿದಳು. ಅಷ್ಟಕ್ಕೇ ಮುಗಿಯಿತು.

ಪಕ್ಕದ ಆಂಡೋವರ್ ನೋಡಿ. ಅಲ್ಲಿ 40ಕ್ಕಿಂತ ಜಾಸ್ತಿ ಜನರ ಮೇಲೆ ದೂರು ಬಿದ್ದಿತ್ತು. ಕೊನೆಗೆ ಬಾಸ್ಟನ್ನಿನ ಒಬ್ಬ ಗಣ್ಯರ ಹೆಸರನ್ನೂ ಎಳೆದರು. ಅವರು ಸ್ನೇಹಿತರ ಕೈಲಿ 1,000 ಪೌಂಡಿನ ಮಾನನಷ್ಟದ ವಾರಂಟ್ ಕಳಿಸಿದರು, ದೂರು ಕೊಟ್ಟವರನ್ನೇ ಹಿಡಿಯಿರಿ ಅಂತ. ಸುದ್ದಿ ಊರಿಗೆ ಗೊತ್ತಾಯಿತು, ಅಲ್ಲಿಂದಾಚೆ ಆಂಡೋವರ್‌ನಲ್ಲಿ ದೂರುಗಳು ಹೆಚ್ಚುಕಡಿಮೆ ನಿಂತೇಹೋದವು. ಜೇಬಿನ ಭಯ, ಅಲ್ವಾ? ಇದನ್ನು ಬರೆದಿಟ್ಟವರು ಬಾಸ್ಟನ್ನಿನ ವ್ಯಾಪಾರಿ ರಾಬರ್ಟ್ ಕೇಲೆಫ್. ಆ ಗಣ್ಯರು ಯಾರು ಅಂತ ಮಾತ್ರ ಹೆಸರು ಹಾಕಿಲ್ಲ, ಅದೊಂದಕ್ಕೆ ಕೇಲೆಫ್ ಮೇಲೆ ನನಗೆ ಸಿಟ್ಟಿದೆ. ಆಚೆ ಗಾಜಿನ ಹಿಂದಿನಿಂದ ಕೈ ಮಾಡುತ್ತಿದ್ದಾರೆ, ಸಮಯ ಆಯಿತು. ನಮಸ್ಕಾರ.