ಲಂಡನ್ನಿನ ಇನ್ನೊಂದು ಬಾಗಿಲು

ನಮಸ್ಕಾರ. ಈಗ ನೀವು ನೋಡುತ್ತಿರುವುದು ಕೆಂಪು ಡಬಲ್ ಡೆಕರ್ ಬಸ್ಸಿನ ಮೇಲಂತಸ್ತಿನಿಂದ, ಮುಂದಿನ ಸೀಟಿನಲ್ಲಿ ಕುಳಿತು ತೆಗೆದ ದೃಶ್ಯ. ಮಾರ್ಗ ಸಂಖ್ಯೆ 15. ಟ್ರಫಾಲ್ಗರ್ ಚೌಕದಿಂದ ಹೊರಟ ಬಸ್ಸು ಸ್ಟ್ರಾಂಡ್ ದಾಟಿ, ಒಂದು ಕಾಲದಲ್ಲಿ ಪತ್ರಿಕಾ ಕಚೇರಿಗಳಿಂದ ತುಂಬಿದ್ದ ಫ್ಲೀಟ್ ಸ್ಟ್ರೀಟ್ ಹಿಡಿದು, ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಪಕ್ಕದಲ್ಲೇ ಹಾದು, ಟವರ್ ಆಫ್ ಲಂಡನ್ ಕೋಟೆಯ ಕಡೆಗೆ ಸಾಗುತ್ತದೆ. ನಮ್ಮ ಹಿಂದೆಯೇ ಬರುತ್ತಿದೆಯಲ್ಲ, ತೆರೆದ ಚಾವಣಿಯ ಆ ಪ್ರವಾಸಿ ಬಸ್ಸು, ಅದೂ ಹೆಚ್ಚುಕಡಿಮೆ ಇವೇ ಬೀದಿಗಳಲ್ಲಿ ಸುತ್ತುತ್ತದೆ. ಅದರ ಟಿಕೆಟ್ಟಿಗೆ ಹತ್ತಾರು ಪೌಂಡುಗಳು. ನಾನು ಹೋಗಿದ್ದಾಗ ನಮ್ಮದಕ್ಕೆ 1.75 ಪೌಂಡು. ಅವರಿಗೆ ಕಿವಿಗೆ ಸಿಕ್ಕಿಸಿಕೊಳ್ಳಲು ವಿವರಣೆ ಕೊಡುತ್ತಾರೆ; ನಮಗೆ ಹಿಂದಿನ ಸೀಟಿನಲ್ಲಿ ಶಾಲೆಯ ಹುಡುಗರಿಬ್ಬರ ಜಗಳ ಸಿಕ್ಕಿದೆ. ನನಗೆ ಜಗಳವೇ ಇಷ್ಟ.

ಬಸ್ಸಿನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಹತ್ತಿದ ಕೂಡಲೇ ಬ್ಯಾಂಕ್ ಕಾರ್ಡನ್ನು ಹಳದಿ ಯಂತ್ರಕ್ಕೆ ತಾಗಿಸಬೇಕು. 2014ರಿಂದ ಇಲ್ಲಿನ ಬಸ್ಸುಗಳಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಒಮ್ಮೆ ತಾಗಿಸಿದ ಮೇಲೆ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿದರೂ ಮತ್ತೆ ಹಣ ಕಡಿತವಾಗುವುದಿಲ್ಲ. ದಿನವಿಡೀ ಬಸ್ಸಿನಲ್ಲೇ ಓಡಾಡಿದರೆ ನಾನು ಹೋಗಿದ್ದ ಸಮಯದಲ್ಲಿ ಗರಿಷ್ಠ ಮಿತಿ 5.25 ಪೌಂಡು, ಅದರ ಮೇಲೆ ಎಷ್ಟು ತಿರುಗಿದರೂ ಪುಕ್ಕಟೆ. ಒಂದೇ ಎಚ್ಚರ: ಬೆಳಿಗ್ಗೆ ಕಾರ್ಡು, ಸಂಜೆ ಅದೇ ಕಾರ್ಡಿರುವ ಮೊಬೈಲು ಎಂದು ಬದಲಾಯಿಸಬೇಡಿ. ಯಂತ್ರದ ಕಣ್ಣಿಗೆ ಅವೆರಡೂ ಬೇರೆ ಬೇರೆ ಪ್ರಯಾಣಿಕರು. ನೆಲದಡಿಯ ರೈಲು ವೇಗವಾಗಿ ಹೋಗುತ್ತದೆ ನಿಜ, ಆದರೆ ದುಬಾರಿ. ಮೇಲಾಗಿ ಸುರಂಗದಲ್ಲಿ ನೋಡುವುದಕ್ಕೆ ಏನಿದೆ?

ಲಂಡನ್ ಎಂದರೆ ಕೈ ಸುಡುವ ಊರು ಎಂದು ಎಲ್ಲರೂ ಹೇಳುತ್ತಾರೆ. ಮಲಗುವುದಕ್ಕೆ ಖಂಡಿತ ಹೌದು. ವೀಸಾ ಶುಲ್ಕವೂ ಸಣ್ಣದಲ್ಲ, ಮತ್ತು ಯುರೋಪಿನ ಷೆಂಗೆನ್ ವೀಸಾ ಇಲ್ಲಿ ನಡೆಯುವುದಿಲ್ಲ. ಆದರೆ ನೋಡುವುದಕ್ಕೆ, ಕೇಳುವುದಕ್ಕೆ ಇಷ್ಟು ಅಗ್ಗದ ದೊಡ್ಡ ನಗರ ನನಗೆ ಬೇರೆ ಗೊತ್ತಿಲ್ಲ. ಇಲ್ಲಿನ ಹಲವು ಹಳೆಯ ಕಟ್ಟಡಗಳಿಗೆ ಎರಡು ಬಾಗಿಲುಗಳಿವೆ. ಒಂದು, ಟಿಕೆಟ್ ಕೊಳ್ಳುವ ಪ್ರವಾಸಿಯದು. ಇನ್ನೊಂದು, ಆ ಕಟ್ಟಡ ಯಾವ ಕೆಲಸಕ್ಕಾಗಿ ಎದ್ದಿತೋ ಆ ಕೆಲಸಕ್ಕಾಗಿಯೇ ಬರುವವರದು. ಈ ವಿಡಿಯೊ ಪೂರ್ತಿ ಆ ಎರಡನೆಯ ಬಾಗಿಲಿನದ್ದು.

ಇಳಿಯೋಣ. ಇದು ಸಂಸತ್ ಭವನ, ವೆಸ್ಟ್‌ಮಿನ್‌ಸ್ಟರ್. ಒಳಗೆ ಸುತ್ತಿಸಿ ತೋರಿಸುವ ಪ್ರವಾಸಕ್ಕೆ ಒಳ್ಳೆಯ ಬೆಲೆಯಿದೆ. ಆದರೆ ಅಧಿವೇಶನ ನಡೆಯುತ್ತಿರುವ ದಿನಗಳಲ್ಲಿ ಚರ್ಚೆ ಕೇಳಲು ಬರುವವರಿಗೆ ಶುಲ್ಕವಿಲ್ಲ, ವಿದೇಶಿಯರಿಗೂ ಇಲ್ಲ. ಸರದಿಯಲ್ಲಿ ನಿಂತು, ವಿಮಾನ ನಿಲ್ದಾಣದಂಥ ತಪಾಸಣೆ ಮುಗಿಸಿ, ಗ್ಯಾಲರಿಗೆ ಹೋಗಿ ಕೂರಬಹುದು. ಬುಧವಾರ ಮಧ್ಯಾಹ್ನ ಪ್ರಧಾನಿಗೆ ಪ್ರಶ್ನೆ ಕೇಳುವ ಹೊತ್ತಿನಲ್ಲಿ ನೂಕುನುಗ್ಗಲು. ಬೇರೆ ಹೊತ್ತಿನಲ್ಲಿ ಸರಾಗ. ಗಾಜಿನ ಪರದೆಯಾಚೆ ಹಸಿರು ಬೆಂಚುಗಳು. ನಾನು ಹೋದಾಗ ಬೆಂಚುಗಳಿಗಿಂತ ಗ್ಯಾಲರಿಯೇ ಹೆಚ್ಚು ತುಂಬಿತ್ತು. ವಿಧಾನಸಭೆಯ ಕಲಾಪವನ್ನು ಟಿವಿಯಲ್ಲಿ ನೋಡಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ನಿಜವಾದ ಲಾಭ ದಾರಿಯಲ್ಲಿದೆ. ಗ್ಯಾಲರಿಗೆ ಹೋಗುವವರು ವೆಸ್ಟ್‌ಮಿನ್‌ಸ್ಟರ್ ಹಾಲ್ ಮೂಲಕವೇ ಹಾದುಹೋಗುತ್ತಾರೆ. 1097ರಲ್ಲಿ ಕಟ್ಟಿದ ಸಭಾಂಗಣ. ತಲೆಯ ಮೇಲಿನ ಮರದ ಚಾವಣಿ ಹದಿನಾಲ್ಕನೆಯ ಶತಮಾನದ ಕೊನೆಯದ್ದು. ಇಷ್ಟು ಅಗಲದ ಅಂಗಳದಲ್ಲಿ ನಡುವೆ ಒಂದೇ ಒಂದು ಕಂಬವಿಲ್ಲ. 1649ರಲ್ಲಿ ದೊರೆ ಒಂದನೆಯ ಚಾರ್ಲ್ಸ್‌ಗೆ ಮರಣದಂಡನೆ ವಿಧಿಸಿದ್ದು ಇಲ್ಲೇ. 1788ರಲ್ಲಿ ವಾರನ್ ಹೇಸ್ಟಿಂಗ್ಸ್‌ನನ್ನು ಇಂಡಿಯಾದಲ್ಲಿ ನಡೆಸಿದ ಆಡಳಿತಕ್ಕಾಗಿ ವಿಚಾರಣೆಗೆ ನಿಲ್ಲಿಸಿದ್ದೂ ಇಲ್ಲೇ. ವಿಚಾರಣೆ 1795ರವರೆಗೆ ಎಳೆಯಿತು, ಕೊನೆಗೆ ಆತ ಖುಲಾಸೆಯಾದ. ಶಾಲೆಯ ಇತಿಹಾಸ ಪುಸ್ತಕದಲ್ಲಿ ಆ ಹೆಸರನ್ನು ಬಾಯಿಪಾಠ ಮಾಡಿದ ನಮಗೆ ಈ ಚಪ್ಪಡಿಗಳ ಮೇಲೆ ನಿಲ್ಲಲು ಟಿಕೆಟ್ ಬೇಕಿಲ್ಲ.

ಈಗ ಪರದೆ ಕಪ್ಪಾಗಿದೆ, ನಿಮ್ಮ ಮೊಬೈಲ್ ಕೆಟ್ಟಿಲ್ಲ. ನಾನು ರಸ್ತೆಯಾಚೆಯ ವೆಸ್ಟ್‌ಮಿನ್‌ಸ್ಟರ್ ಅಬೆ ಚರ್ಚಿನ ಒಳಗಿದ್ದೇನೆ, ಪ್ರಾರ್ಥನೆಯ ಹೊತ್ತಿನಲ್ಲಿ ಇಲ್ಲಿ ಚಿತ್ರೀಕರಣ ಕೂಡದು. ಹಗಲಿನಲ್ಲಿ ಪ್ರವಾಸಿಯಾಗಿ ಬಂದರೆ ಮೂವತ್ತು ಪೌಂಡಿನ ಆಸುಪಾಸು ತೆರಬೇಕು. ಸಂಜೆಯ ಪ್ರಾರ್ಥನೆಗೆ, ಅಂದರೆ ಈವನ್‌ಸಾಂಗ್‌ಗೆ, ಯಾರು ಬಂದರೂ ಉಚಿತ. ನೀವು ಯಾವ ದೇವರಿಗೆ ಕೈಮುಗಿಯುವವರು ಎಂದು ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಮುಕ್ಕಾಲು ಗಂಟೆಯ ಸೇವೆ. ಹುಡುಗರ ಎಳೆಯ ಕಂಠ ಮೇಲೆ, ಗಂಡಸರ ದನಿ ಕೆಳಗೆ, ಆಮೇಲೆ ಆರ್ಗನ್ ವಾದ್ಯ ಎರಡನ್ನೂ ಎತ್ತಿಕೊಂಡು ಕಮಾನುಗಳವರೆಗೆ ಹೋಗುತ್ತದೆ. ಇದೇ ಗುಣಮಟ್ಟದ ಗಾಯನವನ್ನು ಸಭಾಂಗಣದಲ್ಲಿ ಕೇಳಬೇಕಾದರೆ ಎಷ್ಟು ತೆರಬೇಕಾದೀತು ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು, ದೇವರು ಕ್ಷಮಿಸಲಿ. ನ್ಯೂಟನ್, ಡಾರ್ವಿನ್ ಇಬ್ಬರೂ ಇದೇ ಅಬೆಯಲ್ಲಿ ಮಣ್ಣಾದವರು, ಆದರೆ ಪ್ರಾರ್ಥನೆಗೆ ಬಂದವರು ಸಮಾಧಿಗಳ ನಡುವೆ ಅಡ್ಡಾಡುವಂತಿಲ್ಲ. ಅದನ್ನೇ ನೋಡಬೇಕೆಂದಿದ್ದರೆ ಹಣ ಕೊಟ್ಟು ಹಗಲು ಬನ್ನಿ. ನನಗೆ ಸಂಗೀತ ಸಾಕಾಯಿತು. ಸೇಂಟ್ ಪಾಲ್ಸ್‌ನಲ್ಲೂ ಇದೇ ಕ್ರಮ.

ಚಿತ್ರ ಮರಳಿತು. ಇದು ನ್ಯಾಷನಲ್ ಗ್ಯಾಲರಿ. 1824ರಲ್ಲಿ ಸರ್ಕಾರ ಒಬ್ಬ ಬ್ಯಾಂಕರನ ಸಂಗ್ರಹದಿಂದ 38 ಚಿತ್ರಗಳನ್ನು ಕೊಂಡು ಆರಂಭಿಸಿದ್ದು. ಆಮೇಲೆ ಸ್ವಂತ ಕಟ್ಟಡಕ್ಕೆ ಟ್ರಫಾಲ್ಗರ್ ಚೌಕವನ್ನೇ ಆರಿಸಿದ್ದಕ್ಕೆ ಒಂದು ಕಾರಣವಿತ್ತು: ಪಶ್ಚಿಮ ಲಂಡನ್ನಿನ ಸಿರಿವಂತರು ಸಾರೋಟಿನಲ್ಲಿ ಬರಬಹುದು, ಪೂರ್ವದ ಬಡವರು ನಡೆದು ಬರಬಹುದು. ನಾವು ನಡೆದು ಬಂದ ಪೈಕಿ. ವ್ಯಾನ್ ಗಾಗ್‌ನ ಸೂರ್ಯಕಾಂತಿಗಳ ಮುಂದೆ ಸದಾ ಗುಂಪು, ಎತ್ತಿದ ಮೊಬೈಲುಗಳ ಸಂದಿಯಲ್ಲಿ ಹೂವು ಹುಡುಕಬೇಕು. ಅದನ್ನು ಬಿಟ್ಟು ಯಾನ್ ವಾನ್ ಐಕ್ 1434ರಲ್ಲಿ ಬರೆದ ದಂಪತಿಯ ಚಿತ್ರದ ಹತ್ತಿರ ಹೋಗಿ. ಗೋಡೆಯ ಮೇಲಿನ ಪುಟ್ಟ ಗುಂಡುಗನ್ನಡಿಯಲ್ಲಿ ಇಡೀ ಕೋಣೆ, ದಂಪತಿಯ ಬೆನ್ನು, ಬಾಗಿಲಲ್ಲಿ ನಿಂತ ಇಬ್ಬರು ಕಾಣುತ್ತಾರೆ. ಪ್ರವೇಶ ಉಚಿತವಾದ್ದರಿಂದ ಒಂದು ಸೌಕರ್ಯ: ಒಂದೇ ಚಿತ್ರ ನೋಡಿ ಹೊರಟುಬಿಡಬಹುದು, ಮಾರನೆಯ ದಿನ ಮತ್ತೊಂದಕ್ಕೆ ಬರಬಹುದು. ಟಿಕೆಟ್ ಕೊಂಡವನಿಗೆ ಆ ಸ್ವಾತಂತ್ರ್ಯವಿಲ್ಲ. ಕೊಟ್ಟ ಹಣ ವಸೂಲಾಗಲೆಂದು ಕಾಲು ಸೋಲುವವರೆಗೆ ಎಲ್ಲ ಕೋಣೆಗಳನ್ನೂ ಸುತ್ತುತ್ತಾನೆ.

ಈ ಉಚಿತ ವ್ಯವಸ್ಥೆ ತನ್ನಷ್ಟಕ್ಕೆ ಉಳಿದದ್ದಲ್ಲ. 1980ರ ದಶಕದಲ್ಲಿ ಹಲವು ರಾಷ್ಟ್ರೀಯ ವಸ್ತುಸಂಗ್ರಹಾಲಯಗಳು ಶುಲ್ಕ ವಿಧಿಸತೊಡಗಿದ್ದವು. ಎಲ್ಲ ಕಡೆ ಮತ್ತೆ ಉಚಿತವಾದದ್ದು 2001ರ ಡಿಸೆಂಬರಿನಲ್ಲಿ. ಆದ್ದರಿಂದ ಬಾಗಿಲ ಬಳಿಯ ಕಾಣಿಕೆ ಪೆಟ್ಟಿಗೆಗೆ ಒಂದೆರಡು ಪೌಂಡು ಹಾಕುವುದರಲ್ಲಿ ನಷ್ಟವಿಲ್ಲ.

ಆದರೆ ಸೌತ್ ಕೆನ್ಸಿಂಗ್ಟನ್ನಿನ ಈ ಗಾಜಿನ ಪೆಟ್ಟಿಗೆಯ ಮುಂದೆ ಮಾತ್ರ ನಾನು ಕಾಣಿಕೆಯ ವಿಚಾರ ಎತ್ತುವುದಿಲ್ಲ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯ, ದಕ್ಷಿಣ ಏಷ್ಯಾ ವಿಭಾಗ. ಟಿಪ್ಪುವಿನ ಹುಲಿ. ಮರದ ಹುಲಿಯೊಂದು ಕೆಂಪು ಕೋಟಿನ ಐರೋಪ್ಯನ ಮೇಲೆರಗಿ ಕುತ್ತಿಗೆಗೆ ಬಾಯಿ ಹಾಕಿದೆ. ಹೆಚ್ಚುಕಡಿಮೆ ನಿಜದ ಹುಲಿಯಷ್ಟೇ ಗಾತ್ರ. ಹೊಟ್ಟೆಯೊಳಗೆ ತಿದಿ, ಕೊಳವೆ, ಸಣ್ಣದೊಂದು ಆರ್ಗನ್. ಪಕ್ಕದ ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಕೆಳಗೆ ಬಿದ್ದವನ ಕೈ ಮೇಲೆ ಕೆಳಗೆ ಆಡುತ್ತದೆ, ಅವನ ನರಳಾಟವೂ ಕೇಳುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಿಂದ ಲೂಟಿಯಾಗಿ ಇಲ್ಲಿಗೆ ಬಂತು. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಪ್ರದರ್ಶನಕ್ಕಿತ್ತು. ಲಂಡನ್ನಿನ ಜನ ಬಂದು ಬಂದು ಹಿಡಿ ತಿರುಗಿಸುತ್ತಿದ್ದರಂತೆ. ಪಕ್ಕದ ಗ್ರಂಥಾಲಯದಲ್ಲಿ ಓದಲು ಕೂತವರಿಗೆ ಅದರ ಆರ್ಭಟ ಸಾಕುಸಾಕಾಗಿತ್ತು. ಮುಂದೆ ಮೂಲ ಹಿಡಿಯೇ ಕಾಣೆಯಾಯಿತು. ಯಾರೋ ಓದುಗನ ಕೈವಾಡವೆಂದೇ ನನ್ನ ಅನುಮಾನ. ಆ ಓದುಗನ ಪರ ನಾನು ಯಾವ ನ್ಯಾಯಾಲಯದಲ್ಲಾದರೂ ವಾದಿಸಲು ಸಿದ್ಧ.

ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಮೂರು ಗಂಟೆ ಸಾಕು, ಆದರೆ ಹುಲಿ ಇರುವುದು ಇಲ್ಲಿ. ನೋಡಲು ದುಡ್ಡು ಕೇಳದಿರುವ ಸೌಜನ್ಯವನ್ನು ಮೆಚ್ಚಬೇಕೋ, ತಂದದ್ದಕ್ಕೆ ದುಡ್ಡು ಕೊಡದಿದ್ದುದನ್ನು ನೆನೆಯಬೇಕೋ? ಎರಡನ್ನೂ ಮಾಡಿ ಮುಂದಕ್ಕೆ ಹೋದೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಅಮರಾವತಿ ಸ್ತೂಪದ ಸುಣ್ಣಕಲ್ಲಿನ ಫಲಕಗಳ ಮುಂದೆಯೂ ಇದೇ ಪ್ರಶ್ನೆ ಎದ್ದಿತು.

ಊಟ. ಇಲ್ಲಿ ಬಾಗಿಲಿನ ಸೂತ್ರ ಕೆಲಸ ಮಾಡುವುದಿಲ್ಲ, ಜಾಣತನ ಬೇಕು. ಮಧ್ಯಾಹ್ನಕ್ಕೆ ಸೂಪರ್ ಮಾರ್ಕೆಟ್ಟಿನ ಸ್ಯಾಂಡ್‌ವಿಚ್, ತಿನಿಸು, ಪಾನೀಯ ಸೇರಿದ ಕಟ್ಟು. ಉದ್ಯಾನದ ಬೆಂಚೇ ಊಟದ ಮನೆ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು, ಬಾಟಲಿ ಕೊಳ್ಳಬೇಡಿ. ಮದ್ಯ ಮಾರಲು ಪರವಾನಗಿ ಇರುವ ಹೋಟೆಲುಗಳು ಕೇಳಿದ ಗಿರಾಕಿಗೆ ನಲ್ಲಿ ನೀರನ್ನು ಉಚಿತವಾಗಿ ಕೊಡಬೇಕೆಂಬುದು ಕಾನೂನು. ಸಂಜೆ ಅನ್ನ, ಸಾರು ಬೇಕೇಬೇಕು ಎನ್ನುವವರು ಪೂರ್ವದ ಈಸ್ಟ್ ಹ್ಯಾಮ್‌ಗೆ ಬಸ್ಸು ಹಿಡಿಯಿರಿ. ಅಲ್ಲಿನ ಬೀದಿಗಳಲ್ಲಿ ದೋಸೆ, ಇಡ್ಲಿ, ಬಾಳೆಲೆ ಊಟದ ತಮಿಳು, ಮಲಯಾಳಿ ಹೋಟೆಲುಗಳು ಸಾಲುಸಾಲು. ದೋಸೆ ನಮ್ಮ ಬೆಣ್ಣೆ ದೋಸೆಯಲ್ಲ, ಆದರೆ ನಗರಮಧ್ಯದ ಬೆಲೆಯ ಮುಂದೆ ದೂರುವ ಹಾಗಿಲ್ಲ. ಮಲಗಲು ಬೇಸಿಗೆ ರಜೆಯಲ್ಲಿ ಹೋಗುವವರಿಗೊಂದು ದಾರಿಯಿದೆ: ವಿಶ್ವವಿದ್ಯಾಲಯಗಳು ಖಾಲಿಯಾದ ವಿದ್ಯಾರ್ಥಿ ನಿಲಯದ ಕೋಣೆಗಳನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತವೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಅವುಗಳಲ್ಲೊಂದು.

ಗ್ರೀನಿಚ್‌ಗೆ ಒಂದು ಬೆಳಗು ಮೀಸಲಿಡಿ. ವೀಕ್ಷಣಾಲಯದ ಅಂಗಳದಲ್ಲಿ ರೇಖಾಂಶ ಸೊನ್ನೆಯ ಗೆರೆಯ ಆಚೀಚೆ ಕಾಲಿಟ್ಟು ಫೋಟೊ ತೆಗೆಸಿಕೊಳ್ಳಲು ಟಿಕೆಟ್ ಬೇಕು. ಅದೇ ಗೆರೆ ಬೇಲಿಯ ಹೊರಗಿನ ಕಾಲುದಾರಿಯನ್ನೂ ದಾಟುತ್ತದೆ, ಅಲ್ಲಿ ಗುರುತೂ ಇದೆ, ಸರದಿಯೂ ಇಲ್ಲ. ಭೂಮಿಯ ಗೆರೆಗೆ ಬೇಲಿ ಹಾಕುವುದು ಕಷ್ಟ. ಮರಳುವಾಗ ದೋಣಿಯ ಬದಲು ಥೇಮ್ಸ್ ನದಿಯ ಅಡಿಯಲ್ಲೇ ನಡೆದು ಬನ್ನಿ. 1902ರಲ್ಲಿ ತೆರೆದ ಕಾಲುಸುರಂಗ, ದಕ್ಷಿಣದಂಡೆಯ ಕಾರ್ಮಿಕರು ಎದುರುದಂಡೆಯ ಹಡಗುಕಟ್ಟೆಗಳಿಗೆ ಕೆಲಸಕ್ಕೆ ಹೋಗಲೆಂದು ಮಾಡಿದ್ದು. ಬಿಳಿ ಹೆಂಚಿನ ಕೊಳವೆ, ತಣ್ಣನೆಯ ಗಾಳಿ, ಹೆಜ್ಜೆಯ ಪ್ರತಿಧ್ವನಿ. ಹೊರಬಂದು ಹಿಂತಿರುಗಿ ನೋಡಿದರೆ ಗ್ರೀನಿಚ್‌ನ ಅವಳಿ ಗುಮ್ಮಟಗಳು ನೀರಿನಾಚೆ ಕಾಣುತ್ತವೆ.

ಲ್ಯಾಂಬೆತ್ ಸೇತುವೆಯ ಹತ್ತಿರ, ನದಿಯ ದಡದಲ್ಲಿ ಬಸವಣ್ಣನವರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಅನಾವರಣಗೊಂಡದ್ದು. ಎದುರುದಂಡೆಯಲ್ಲಿ ಸಂಸತ್ ಭವನ. ಅನುಭವ ಮಂಟಪದ ಹೆಸರು ಕೇಳಿ ಬೆಳೆದವರಿಗೆ ಈ ಜಾಗದ ಆಯ್ಕೆ ಯಾಕೆಂದು ವಿವರಿಸಬೇಕಿಲ್ಲ. ನಾನಿದ್ದಷ್ಟು ಹೊತ್ತು ಓಟಗಾರರು ಒಬ್ಬರ ಹಿಂದೊಬ್ಬರು ಹಾದುಹೋದರು, ಒಬ್ಬರೂ ನಿಲ್ಲಲಿಲ್ಲ. ಬೆಂಗಳೂರಿನಲ್ಲೂ ಪ್ರತಿಮೆಗಳ ಪಾಡು ಅದೇ ತಾನೆ.

ಕೊನೆಗೆ, ನಾನು ಸಂತೋಷದಿಂದ ಹಣ ಕೊಟ್ಟ ಜಾಗ. ಶೇಕ್ಸ್‌ಪಿಯರ್ಸ್ ಗ್ಲೋಬ್. 1599ರಲ್ಲಿ ಕಟ್ಟಿದ ಮೂಲ ರಂಗಮಂದಿರ 1613ರಲ್ಲಿ ನಾಟಕದ ನಡುವೆ ಸಿಡಿಸಿದ ಫಿರಂಗಿಯ ಕಿಡಿ ತಗುಲಿ ಸುಟ್ಟುಹೋಯಿತು. ಈಗಿರುವುದು ಅಮೆರಿಕದ ನಟ ಸ್ಯಾಮ್ ವನಮೇಕರ್ ಅವರ ಹಟದಿಂದ ಎದ್ದು 1997ರಲ್ಲಿ ತೆರೆದ ಮರುಸೃಷ್ಟಿ. 1666ರ ಮಹಾ ಬೆಂಕಿಯ ನಂತರ ಲಂಡನ್ನಿನಲ್ಲಿ ಅನುಮತಿ ಸಿಕ್ಕ ಮೊದಲ ಹುಲ್ಲಿನ ಚಾವಣಿ ಇದರದ್ದು. ಚಾವಣಿ ಇರುವುದು ವೇದಿಕೆಗೆ ಮತ್ತು ಸುತ್ತಲಿನ ಆಸನಗಳಿಗೆ ಮಾತ್ರ. ನಡುವಿನ ಅಂಗಳ ಬಯಲು, ಅಲ್ಲಿ ನಿಂತು ನೋಡುವವರ ಟಿಕೆಟ್ ನಾನು ಹೋಗಿದ್ದಾಗ ಐದು ಪೌಂಡಿನಿಂದ ಶುರುವಾಗುತ್ತಿತ್ತು. ಬಯಲಾಟ ನೋಡಿ ಬೆಳೆದವರಿಗೆ ಇದು ಪರಿಚಿತ ಲೋಕ: ವೇಷಧಾರಿ ಜನರ ನಡುವಿನಿಂದಲೇ ನುಗ್ಗಿ ಬರುತ್ತಾನೆ, ಎದುರಿಗಿದ್ದವನನ್ನೇ ಉದ್ದೇಶಿಸಿ ಮಾತಾಡುತ್ತಾನೆ, ಹಗಲಿನ ಆಟದಲ್ಲಿ ಅವನ ಬೆವರೂ ಕಾಣುತ್ತದೆ. ಮರದ ಬೆಂಚಿನ ಮೇಲೆ ಹತ್ತು ಪಟ್ಟು ತೆತ್ತು ಕೂತವರು ನಮ್ಮ ತಲೆಗಳ ಮೇಲಿನಿಂದ ನೋಡಬೇಕು.

ನೆಲದ ಮೇಲೆ ಕೂರುವಂತಿಲ್ಲ, ಕೂತರೆ ಸ್ವಯಂಸೇವಕರು ನಯವಾಗಿ ಎಬ್ಬಿಸುತ್ತಾರೆ. ಛತ್ರಿ ಬಿಚ್ಚುವಂತಿಲ್ಲ, ಮಳೆಕೋಟು ಹಾಕಿಕೊಳ್ಳಬಹುದು. ಬೇಗ ಹೋಗಿ ವೇದಿಕೆಯ ಅಂಚನ್ನೇ ಹಿಡಿದುಕೊಳ್ಳಿ. ಮೊಣಕೈ ಊರಲು ಜಾಗ ಸಿಕ್ಕರೆ ಮೂರು ಗಂಟೆ ನಿಲ್ಲುವುದು ಸುಲಭ. ನನಗೆ ಎರಡನೆಯ ಅಂಕದಲ್ಲಿ ಮಳೆ ಬಂತು. ಅಂಗಳದಲ್ಲಿ ಒಬ್ಬರೂ ಕದಲಲಿಲ್ಲ, ಸತ್ತು ಬಿದ್ದಿದ್ದ ಪಾತ್ರಧಾರಿಯೊಬ್ಬ ಮಾತ್ರ ಮೆಲ್ಲಗೆ ಕಾಲೆಳೆದುಕೊಂಡು ಚಾವಣಿಯ ಕೆಳಗೆ ಸರಿದ. ಎಲ್ಲರಿಗಿಂತ ಜೋರಾದ ಚಪ್ಪಾಳೆ ಬಿದ್ದದ್ದು ಅವನಿಗೇ.