49 ಕಿಂಡಿಗಳ ಮಣೆ

ಕೇಳುಗರಿಗೆ ನಮಸ್ಕಾರ.

ಒಲೆಯಿಂದ ಈಗಷ್ಟೇ ಇಳಿಸಿದ ಹುಳಿಯ ಪಾತ್ರೆಯನ್ನು ನಿಮ್ಮ ಮನೆಯಲ್ಲಿ ಎಲ್ಲಿಡುತ್ತೀರಿ? ಹಿಂದೆ ಮಡಕೆಗೆ ಹುಲ್ಲಿನ ಸಿಂಬಿ ಇರುತ್ತಿತ್ತು. ಈಗ ಪಾತ್ರೆಯ ತಳ ಚಪ್ಪಟೆ, ಊಟದ ಮೇಜಿಗೆ ಗಾಜು ಇಲ್ಲವೇ ಸನ್‌ಮೈಕಾ. ಬಿಸಿಗೆ ಸನ್‌ಮೈಕಾ ಉಬ್ಬಿ ಏಳುತ್ತದೆ, ಗಾಜು ಬಿರುಕು ಬಿಡಬಹುದು. ನಮ್ಮಲ್ಲಿ ಬಹಳ ದಿನ ಮಡಚಿದ ಟವೆಲ್ಲೇ ಗತಿಯಾಗಿತ್ತು. ಕೊನೆಗೆ ಹಳೇ ಹಲಸಿನ ಹಲಗೆಯೊಂದನ್ನು ಎತ್ತಿಕೊಂಡು ಪಾತ್ರೆ ಇಡುವ ಮಣೆ ಮಾಡಲು ಕೂತೆ.

ಈ ಮಣೆ ನೋಡಲು ಜಾಲರಿಯ ಹಾಗೆ. ಮೇಲಿನ ಮುಖದಲ್ಲಿ ಉದ್ದಕ್ಕೆ ಸಾಲುಗಳು, ಕೆಳಗಿನ ಮುಖದಲ್ಲಿ ಅಡ್ಡಕ್ಕೆ ಸಾಲುಗಳು. ಹೊಲದಲ್ಲಿ ನೇಗಿಲು ಹೊಡೆದ ಹಾಗೆ ಒಂದು ಸಾಲು, ಒಂದು ಬದು. ಕಿಂಡಿಗಳನ್ನು ಬೇರೆಯಾಗಿ ಕೊರೆಯುವುದೇ ಇಲ್ಲ. ಹಲಗೆ 20 ಮಿಲಿಮೀಟರ್ ದಪ್ಪ ಇದ್ದರೆ ಎರಡೂ ಕಡೆಯಿಂದ ಹತ್ತೂವರೆ ಮಿಲಿಮೀಟರ್ ಆಳಕ್ಕೆ ಸಾಲು ಹೊಡೆಯಬೇಕು. ಅದಕ್ಕೆ ರೂಟರ್ ಬೇಕು, ಅಂದರೆ ತಿರುಗುವ ಅಲಗಿನಿಂದ ಮರದಲ್ಲಿ ಸಾಲು ಕೊರೆಯುವ ಕರೆಂಟಿನ ಮಷಿನ್. ಸಾಲಿನ ಮೇಲೆ ಸಾಲು ಹಾಯುವ ಕಡೆ ಚೌಕದ ಕಿಂಡಿ ತಾನೇ ತೆರೆದುಕೊಳ್ಳುತ್ತದೆ. ಮೊದಲ ಕಿಂಡಿ ಕಂಡಾಗ ಮಷಿನ್ ನಿಲ್ಲಿಸಿ ಮನೆಯವರನ್ನೆಲ್ಲ ಕರೆದಿದ್ದೆ!

ಲೆಕ್ಕ ಸುಲಭ. ಹಲಗೆ 180 ಮಿಲಿಮೀಟರ್ ಚೌಕ. ಒಂದೊಂದು ಸಾಲಿನ ಅಗಲ 12 ಮಿಲಿಮೀಟರ್, ಬದುವಿನ ಅಗಲವೂ 12. ಅಲ್ಲಿಗೆ ಏಳು ಸಾಲು, ಎಂಟು ಬದು. ಏಳೇಳಲಿ 49 ಕಿಂಡಿ.

ಲೆಕ್ಕ ಕೈಗೆ ಬರಬೇಕಲ್ವಾ? ಮೊದಲ ಮಣೆಗೆ ಪೆನ್ಸಿಲ್ ಗೆರೆ ಎಳೆದುಕೊಂಡು ರೂಟರ್ ಓಡಿಸಿದೆ. ಸಾಲುಗಳೆಲ್ಲ ಸೊಟ್ಟ. ಆಮೇಲೆ ಮನೆಯಲ್ಲೇ ಒಂದು ಜಿಗ್, ಅಂದರೆ ಮಷಿನ್ ಅತ್ತಿತ್ತ ಹೋಗದ ಹಾಗೆ ದಾರಿ ಹಿಡಿಸುವ ಸಾಧನ, ಮಾಡಿಕೊಂಡೆ. ರೂಟರಿನ ತಳಕ್ಕೆ ಒಂದು ಪ್ಲೈವುಡ್ ತುಂಡನ್ನು ಸ್ಕ್ರೂ ಹಾಕಿ ಕೂರಿಸಿ. ಅದರ ಅಡಿಗೆ, ಬಿಟ್, ಅಂದರೆ ಕೊರೆಯುವ ಅಲಗಿನಿಂದ ಸರಿಯಾಗಿ 12 ಮಿಲಿಮೀಟರ್ ದೂರಕ್ಕೆ, 12 ಮಿಲಿಮೀಟರ್ ಅಗಲದ ಗಟ್ಟಿ ಮರದ ಪಟ್ಟಿ ಜೋಡಿಸಿ. ಜಿಗ್ ಅಂದರೆ ಇಷ್ಟೇ. ಮೊದಲ ಸಾಲಿಗೆ ಪಟ್ಟಿ ಹಲಗೆಯ ಅಂಚಿಗೆ ಒತ್ತಿಕೊಂಡು ಹೋಗುತ್ತದೆ. ಮುಂದಿನ ಸಾಲಿಗೆ ಅದೇ ಪಟ್ಟಿ, ಈಗ ಕೊರೆದ ಸಾಲಿನೊಳಗೆ ಕೂತು ದಾರಿ ತೋರಿಸುತ್ತದೆ. ಆಮೇಲೆ ಅಳತೆ ಪಟ್ಟಿ ಮುಟ್ಟುವ ಕೆಲಸವೇ ಇಲ್ಲ.

ಆದರೆ ಈ ಪಟ್ಟಿ ಕೂರಿಸುವಾಗ ದಯವಿಟ್ಟು ಅವಸರ ಮಾಡಬೇಡಿ. ನನ್ನ ಎರಡನೇ ಮಣೆಯಲ್ಲಿ ಪಟ್ಟಿ ಅರ್ಧ ಮಿಲಿಮೀಟರ್ ದೂರ ಸರಿದಿತ್ತು. ಅರ್ಧ ತಾನೇ ಅಂದುಕೊಂಡೆ. ಒಂದೊಂದು ಸಾಲಿಗೂ ಆ ಅರ್ಧ ಸೇರುತ್ತಾ ಹೋಗಿ ಏಳನೇ ಸಾಲಿಗೆ ಮೂರೂವರೆ ಆಯಿತು. 12 ಇರಬೇಕಾದ ಕೊನೆಯ ಬದು ಎಂಟೂವರೆಗೆ ಇಳಿದಿತ್ತು. ಮೊದಲು ಬೇಡದ ಮರದ ಮೇಲೆ ಏಳು ಸಾಲೂ ಹೊಡೆದು ನೋಡಿ, ಪಟ್ಟಿ ಸರಿಮಾಡಿ, ಆಮೇಲೆ ಒಳ್ಳೆ ಹಲಗೆಗೆ ಕೈ ಹಾಕಿ. ಪಟ್ಟಿ ಬಿಗಿಯಾದರೆ ಮೇಣದಬತ್ತಿ ಉಜ್ಜಿ, ಸಲೀಸಾಗಿ ಜಾರುತ್ತದೆ.

ಮಷಿನನ್ನು ನಿಮ್ಮಿಂದ ಮುಂದಕ್ಕೆ ತಳ್ಳುವಾಗ ಪಟ್ಟಿ ಬಲಗಡೆಗೆ ಇರಲಿ. ಬಿಟ್ ತಿರುಗುವ ರಭಸಕ್ಕೆ ಮಷಿನ್ ಎಡಕ್ಕೆ ಎಳೆಯುತ್ತದೆ, ಆಗ ಪಟ್ಟಿ ಅಂಚನ್ನು ಬಿಟ್ಟು ಬರುವುದಿಲ್ಲ. ಪೂರ್ತಿ ಆಳ ಒಂದೇ ಸಲಕ್ಕೆ ಬೇಡ, ಮೂರು ಸಲ ಮಾಡಿ. ಮರದ ಎಳೆಗೆ ಅಡ್ಡಲಾಗಿ ಕೊರೆಯುವಾಗ ಬಿಟ್ ಹೊರಬರುವ ತುದಿಯಲ್ಲಿ ಸಿಬಿರು ಏಳುತ್ತದೆ. ಅಲ್ಲಿಗೆ ಇನ್ನೊಂದು ತುಂಡನ್ನು ಒತ್ತಿ ಬಿಗಿಯಿರಿ. ಹಲಗೆಗೆ ಕ್ಲಾಂಪ್, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕೇ ಬೇಕು. ಬಿಟ್ ಬದಲಿಸುವ ಮುಂಚೆ ಪ್ಲಗ್ ಕಿತ್ತಿಡಿ.

ಮಣೆಗೆ ವಾರ್ನಿಶ್ ಬೇಡ, ಬಿಸಿ ತಳಕ್ಕೆ ಅಂಟಬಹುದು. ಚನ್ನಪಟ್ಟಣದ ಗೊಂಬೆಗಳ ಅರಗಿನ ಬಣ್ಣ ನನಗೆ ಬಹಳ ಇಷ್ಟ. ಆದರೆ ಆ ಅರಗು ಮರಕ್ಕೆ ಹಿಡಿಯುವುದೇ ಬಿಸಿಗೆ ಕರಗಿ, ಹಾಗಾಗಿ ಇಲ್ಲಿಗೆ ಅದೂ ಆಗದು. ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ ಒರೆಸಿ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬೇಡಿ, ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರಡಿ ಒಣಗಿಸಿ.

ಕೊರೆದ ಹೊಸದರಲ್ಲಿ ಹಲಸು ಅರಿಶಿನದ ಹಾಗೆ ಹಳದಿ. ನನ್ನ ಮೂರನೇ ಮಣೆ, ಅಂದರೆ ಮೊದಲು ಸರಿಬಂದದ್ದು, ಈಗ ಬೆಲ್ಲದ ಬಣ್ಣಕ್ಕೆ ತಿರುಗಿದೆ. ದಿನಾ ಹುಳಿಯ ಪಾತ್ರೆ ಅದರ ಮೇಲೇ ಕೂರುತ್ತದೆ.

ನಮಸ್ಕಾರ.