ಡ್ರೀಮ್ ಥಿಯೇಟರ್: ಮೊಟಕಾಗಲು ಒಪ್ಪದ ಹಾಡುಗಳು

ಕೇಳುಗ ಬಾಂಧವರಿಗೆ ನಮಸ್ಕಾರ. ಕಲಬುರಗಿಯ ಇಂಜಿನಿಯರಿಂಗ್ ಹಾಸ್ಟೆಲ್ಲುಗಳಲ್ಲಿ ಗಿಟಾರ್ ಹಿಡಿದು ಕೂರುವ ಹುಡುಗರಿಗೆ ಅಮೆರಿಕದ ಡ್ರೀಮ್ ಥಿಯೇಟರ್ ತಂಡದ ಹೆಸರು ಹೊಸದಲ್ಲ. ರಜೆಗೆ ಮನೆಗೆ ಬಂದ ಮಗ ಹಚ್ಚಿದ ಆ ಸಂಗೀತ ಬರೀ ಗದ್ದಲವೆಂದು ತೋರಿದ ಹಿರಿಯರಿಗಾಗಿ ಇಂದಿನ ಈ ಮಾತು.

ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನ ವಿದ್ಯಾರ್ಥಿಗಳಾಗಿದ್ದ ಗಿಟಾರ್ ವಾದಕ ಜಾನ್ ಪೆಟ್ರೂಚಿ, ಬೇಸ್ ವಾದಕ ಜಾನ್ ಮ್ಯುಂಗ್ ಮತ್ತು ಡ್ರಮ್ಸ್ ನುಡಿಸುವ ಮೈಕ್ ಪೋರ್ಟ್‌ನಾಯ್ 1985ರಲ್ಲಿ ಈ ತಂಡ ಕಟ್ಟಿದರು. ಮೆಟಲ್ ಸಂಗೀತದ ಅಬ್ಬರಕ್ಕೆ ಹಲವು ಭಾಗಗಳ ದೀರ್ಘ ರಚನೆಯನ್ನೂ ಬದಲಾಗುವ ಲಯವನ್ನೂ ಬೆಸೆಯುವ ಈ ಪ್ರಕಾರಕ್ಕೆ ಪ್ರೊಗ್ರೆಸಿವ್ ಮೆಟಲ್ ಎನ್ನುತ್ತಾರೆ. 1989ರ ಮೊದಲ ಆಲ್ಬಂ ಹೆಚ್ಚು ಸದ್ದು ಮಾಡಲಿಲ್ಲ, ಗಾಯಕ ಬದಲಾದರು. ಕೆನಡಾದ ಜೇಮ್ಸ್ ಲಾಬ್ರೀ ಬಂದ ಮೇಲೆ 1992ರಲ್ಲಿ ಹೊರಬಂದ 'ಇಮೇಜಸ್ ಅಂಡ್ ವರ್ಡ್ಸ್' ಅವರನ್ನು ಲೋಕಕ್ಕೆ ಪರಿಚಯಿಸಿತು. ಅದರ ಎಂಟು ನಿಮಿಷದ 'ಪುಲ್ ಮಿ ಅಂಡರ್' ಅಮೆರಿಕದ ರೇಡಿಯೊಗಳಲ್ಲಿ ಜನಪ್ರಿಯವಾದದ್ದನ್ನು ಬಾನುಲಿಯಲ್ಲಿ ಮಾತನಾಡುತ್ತಿರುವ ನಾನು ಹೆಮ್ಮೆಯಿಂದಲೇ ನೆನೆಯುತ್ತೇನೆ.

ಆದರೆ ಆ ಯಶಸ್ಸೇ ಒತ್ತಡವನ್ನೂ ತಂದಿತು. ವಿಮಾನ ದುರಂತದಲ್ಲಿ ತೀರಿಕೊಂಡ ತಾಯಿಯನ್ನು ನೆನೆದು ಪೋರ್ಟ್‌ನಾಯ್ ಸಾಹಿತ್ಯ ಬರೆದ, ಇಪ್ಪತ್ತಮೂರು ನಿಮಿಷಗಳ ಒಂದು ರಚನೆಗೆ 1992ರ ಆಲ್ಬಂನಲ್ಲಿ ಜಾಗ ಸಿಗಲಿಲ್ಲ. ಅಭಿಮಾನಿಗಳು ಪಟ್ಟುಹಿಡಿದು ಕೇಳಿದ ಮೇಲೆ 1995ರಲ್ಲಿ ಅದು ಬೆಳಕು ಕಂಡಿತು. 1997ರ ಆಲ್ಬಂ ವೇಳೆಗೆ ಚಿಕ್ಕ, ಸರಳ ಹಾಡುಗಳಿಗಾಗಿ ರೆಕಾರ್ಡ್ ಕಂಪನಿಯ ಒತ್ತಾಯ ಎಷ್ಟು ಬಲವಾಯಿತೆಂದರೆ ಪೋರ್ಟ್‌ನಾಯ್ ತಂಡ ಬಿಡುವ ಯೋಚನೆಗೂ ಬಂದಿದ್ದರು. ಮುಂದಿನ ಆಲ್ಬಂ ತಮ್ಮ ಮನಸ್ಸಿನಂತೆಯೇ ಆಗಬೇಕೆಂದು ಅವರು ಹಟ ಹಿಡಿದರು. ಕೀಬೋರ್ಡ್ ವಾದಕ ಜೋರ್ಡನ್ ರುಡೆಸ್ ಸೇರಿದ ಮೇಲೆ 1999ರಲ್ಲಿ ಬಂದ 'ಸೀನ್ಸ್ ಫ್ರಮ್ ಎ ಮೆಮೊರಿ' ಒಂದೇ ಕಥೆಯ ಆಲ್ಬಂ: ನಿಕೋಲಸ್ ಎಂಬಾತ ಸಂಮೋಹನದಲ್ಲಿ ತನ್ನ ಪೂರ್ವಜನ್ಮವನ್ನು, 1928ರಲ್ಲಿ ಕೊಲೆಯಾದ ವಿಕ್ಟೋರಿಯಾಳ ಬದುಕನ್ನು ಕಾಣುತ್ತಾನೆ. ಅವರ ಸಾಧನೆಯಲ್ಲಿ ನನ್ನ ಲೆಕ್ಕಕ್ಕೆ ಇದೇ ಶಿಖರ.

ಅದರಲ್ಲಿ 'ದಿ ಡ್ಯಾನ್ಸ್ ಆಫ್ ಎಟರ್ನಿಟಿ' ಎಂಬ ಆರು ನಿಮಿಷ ಮೀರಿದ ವಾದ್ಯರಚನೆಯಿದೆ. ನಮ್ಮ ಮಠ, ಗುಡಿಗಳ ಅಹೋರಾತ್ರಿ ಸಂಗೀತದಲ್ಲಿ ರೂಪಕದ ಏಳು ಮಾತ್ರೆ, ಝಪತಾಲದ ಹತ್ತು ಮಾತ್ರೆಗಳನ್ನು ಬೆರಳ ಮೇಲೆ ಎಣಿಸಿ ರೂಢಿಯಾದವರು ಇದನ್ನು ಒಮ್ಮೆ ಎಣಿಸಿ ನೋಡಬೇಕು. ನಮ್ಮಲ್ಲಿ ಗಾಯಕ ಎಲ್ಲಿಗೆ ಹೋದರೂ ತಾಳದ ಆವರ್ತನ ಸ್ಥಿರವಾಗಿದ್ದು ಅದರ ಮೊದಲ ಮಾತ್ರೆಯಾದ ಸಮ್ ಅವನಿಗಾಗಿ ಕಾದಿರುತ್ತದೆ. ಇಲ್ಲಿ ಆವರ್ತನವೇ ನೂರಕ್ಕೂ ಹೆಚ್ಚು ಸಲ ಬದಲಾಗುತ್ತದೆ. ಐದರ ಎಣಿಕೆ ಕೈಗೆ ಹತ್ತುವಷ್ಟರಲ್ಲಿ ಏಳು ಬಂದಿರುತ್ತದೆ. ಆ ಬಿರುಸಿನ ನಡುವೆಯೇ ರುಡೆಸ್ ಹಳೆಯ ಕಾಲದ ರ‍್ಯಾಗ್‌ಟೈಮ್ ಪಿಯಾನೋ ನುಡಿಸಿ, ಏನೂ ಆಗದವರಂತೆ ಮುಂದೆ ಸಾಗುತ್ತಾರೆ. ಐವರೊಳಗಿನ ವಾದಕರು ನಾಲ್ವರೂ ಒಂದೇ ಏಟಿಗೆ ಬಂದು ನಿಲ್ಲುವುದು ಎಷ್ಟು ರಿಯಾಜಿನ ಫಲವೆಂಬುದನ್ನು ನಮ್ಮ ಭಾಗದ ತಬಲಾ ವಾದಕರಿಗೆ ಬಿಡಿಸಿ ಹೇಳಬೇಕಿಲ್ಲ.

2010ರಲ್ಲಿ ಪೋರ್ಟ್‌ನಾಯ್ ಕೆಲಕಾಲ ವಿರಾಮ ಬೇಕೆಂದರು, ಉಳಿದವರು ಒಪ್ಪಲಿಲ್ಲ; ಸ್ಥಾಪಕನೇ ಹೊರನಡೆದಂತಾಯಿತು. ಅವರ ಜಾಗಕ್ಕೆ ಏಳು ಮಂದಿ ಡ್ರಮ್ಸ್ ವಾದಕರನ್ನು ಪರೀಕ್ಷಿಸಿ ತಂಡ ಆರಿಸಿಕೊಂಡ ಮೈಕ್ ಮ್ಯಾಂಜಿನಿ, ಬರ್ಕ್ಲೀಯಲ್ಲಿನ ಅಧ್ಯಾಪನವನ್ನು ಬಿಟ್ಟು ಬಂದರು. ತಂಡದ ಮೊದಲ ಗ್ರ್ಯಾಮಿ 2022ರಲ್ಲಿ ಬಂದದ್ದು ಅವರು ಡ್ರಮ್ಸ್ ನುಡಿಸಿದ 'ದಿ ಏಲಿಯನ್' ಹಾಡಿಗೆ. ಹಳೆಯ ಅಭಿಮಾನಿಗಳು ಮ್ಯಾಂಜಿನಿ ಇದ್ದ ಈ ಹದಿಮೂರು ವರ್ಷಗಳನ್ನು ಹಗುರವಾಗಿ ಕಾಣುವುದು ನನಗೆ ಸರಿಯೆನಿಸುವುದಿಲ್ಲ.

2023ರ ಅಕ್ಟೋಬರಿನಲ್ಲಿ ಪೋರ್ಟ್‌ನಾಯ್ ಮರಳಿದರು. 2025ರ ಫೆಬ್ರವರಿಯಲ್ಲಿ ತಂಡದ ಹದಿನಾರನೆಯ ಆಲ್ಬಂ 'ಪ್ಯಾರಾಸೋಮ್ನಿಯಾ' ಬಿಡುಗಡೆಯಾಯಿತು. ನಿದ್ರೆಯ ತೊಂದರೆಗಳನ್ನು ಕುರಿತ ಆ ಆಲ್ಬಂನ ಕೊನೆಯ ಹಾಡು ಹತ್ತೊಂಬತ್ತು ನಿಮಿಷಕ್ಕೂ ಹೆಚ್ಚು ಉದ್ದವಿದೆ. ನಮಸ್ಕಾರ.